ಗಣಕಯಂತ್ರದೊಳಗಿನ ಹೊಸ ಮನೆ

ಒಂದೇ ಗಣಕಯಂತ್ರವನ್ನು ಹಲವರು ಬಳಸುವಾಗ ಪ್ರತಿಯೊಬ್ಬರಿಗೂ ಅದರಲ್ಲಿ ಪ್ರತ್ಯೇಕ ಸ್ಥಳವಿರಬೇಕಾಗುತ್ತದೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು ರೂಪಿಸತೊಡಗಿದ ಯುನಿಕ್ಸ್ ವ್ಯವಸ್ಥೆಯು ಇಂತಹ ಬಳಕೆಗಾಗಿಯೇ ಬೆಳೆಯಿತು. 1991ರಲ್ಲಿ ಹುಟ್ಟಿದ ಲಿನಕ್ಸ್ ಸಹ ಅದೇ ಕ್ರಮವನ್ನು ಅನುಸರಿಸುತ್ತದೆ. ಅದರಲ್ಲಿ ಖಾತೆಯುಳ್ಳ ಪ್ರತಿಯೊಬ್ಬರಿಗೂ ಒಂದು ಕಡತಕೋಶ ಮೀಸಲಾಗಿರುತ್ತದೆ. ಅದರ ಹೆಸರೇ ‘ಹೋಮ್’, ಎಂದರೆ ಮನೆ.

ಹೊಸಬರು ಕಾಲಿಡುವಾಗ ಈ ಮನೆಯು ಬರಿದಾಗಿರುವುದಿಲ್ಲ. ವ್ಯವಸ್ಥೆಯಲ್ಲಿ ‘ಸ್ಕೆಲ್’ ಎಂಬ ಕೋಶವೊಂದುಂಟು. ಅಸ್ಥಿಪಂಜರವೆಂಬ ಅರ್ಥದ ‘ಸ್ಕೆಲಿಟನ್’ ಶಬ್ದದ ಮೊಟಕು ರೂಪವಿದು. ನಿರ್ವಾಹಕರು ಹೊಸ ಖಾತೆಯನ್ನು ತೆರೆದು ಮನೆಯನ್ನು ನಿರ್ಮಿಸಿದೊಡನೆ ಸ್ಕೆಲ್‌ನಲ್ಲಿರುವ ಕಡತಗಳೆಲ್ಲವೂ ಅಲ್ಲಿಗೆ ನಕಲಾಗುತ್ತವೆ. ಇವುಗಳಲ್ಲಿ ಹೆಚ್ಚಿನವುಗಳ ಹೆಸರು ಚುಕ್ಕೆಯಿಂದ ಆರಂಭವಾಗುವುದರಿಂದ ಸಾಮಾನ್ಯ ಪಟ್ಟಿಯಲ್ಲಿ ಅವು ಕಾಣಿಸವು. ಆದರೂ ಯಂತ್ರವು ಆದೇಶಗಳನ್ನು ಎಲ್ಲೆಲ್ಲಿ ಹುಡುಕಬೇಕು, ಪರದೆಯ ಮೇಲಿನ ಸೂಚನೆ ಹೇಗಿರಬೇಕು ಎಂಬುದನ್ನು ನಿರ್ಧರಿಸುವವು ಅವೇ. ಕನ್ನಡದ ಸೌಲಭ್ಯವಿರುವ ಶಾಲೆಯ ಯಂತ್ರದಲ್ಲಿ, ಭಾಷೆ ಕನ್ನಡವೆಂದು ಸೂಚಿಸುವ ಸಾಲೊಂದನ್ನು ಸ್ಕೆಲ್‌ನ ಕಡತದಲ್ಲಿ ಸೇರಿಸಿಟ್ಟರೆ ಸಾಕು. ಆ ಬಳಿಕ ಖಾತೆ ಪಡೆಯುವ ವಿದ್ಯಾರ್ಥಿಗಳೆಲ್ಲರ ಮನೆಗೂ ಅದು ತಾನಾಗಿಯೇ ಬರುತ್ತದೆ.

ಆದರೆ ಇದು ನಕಲೇ ಹೊರತು ಕೊಂಡಿಯಲ್ಲ. ಸ್ಕೆಲ್ ಅನ್ನು ಇಂದು ತಿದ್ದಿದ ಮಾತ್ರಕ್ಕೆ ನಿನ್ನೆಯ ಖಾತೆಗಳು ಬದಲಾಗುವುದಿಲ್ಲ. ಹಳಬರ ಕಡತಗಳನ್ನು ಬೇರೆಯಾಗಿಯೇ ತಿದ್ದಬೇಕು. ವಿಂಡೋಸ್‌ನಲ್ಲಿಯೂ ‘ಡಿಫಾಲ್ಟ್’ ಎಂಬ ಮಾದರಿ ಕೋಶವು ಹೊಸಬರ ಮೊದಲ ಪ್ರವೇಶದಲ್ಲಿ ಹೀಗೆಯೇ ನಕಲಾಗುತ್ತದೆ.

ಮನೆಯ ಒಳಗಿನ ಸಾಮಗ್ರಿಗಿಂತಲೂ ಅದರ ಬಾಗಿಲಿನ ವಿಚಾರ ಗಂಭೀರವಾದುದು. ಲಿನಕ್ಸ್ ಇದನ್ನು ಮೂರು ಅಂಕಿಗಳಲ್ಲಿ ಹೇಳುತ್ತದೆ: ಮೊದಲನೆಯದು ಒಡೆಯರಿಗೆ, ಎರಡನೆಯದು ಅವರ ಗುಂಪಿಗೆ, ಮೂರನೆಯದು ಉಳಿದವರಿಗೆ. 7 ಎಂದರೆ ಪೂರ್ಣಾಧಿಕಾರ. 5 ಎಂದರೆ ಒಳಹೊಕ್ಕು ನೋಡಬಹುದು, ಬದಲಿಸಲಾಗದು. 0 ಎಂದರೆ ಪ್ರವೇಶವೇ ಇಲ್ಲ. ಲಿನಕ್ಸ್‌ನ ಪ್ರಸಿದ್ಧ ರೂಪವಾದ ಉಬುಂಟುವಿನಲ್ಲಿ ಹೊಸ ಮನೆಗಳಿಗೆ ಬಹುಕಾಲ 755 ಎಂಬ ಸಂಖ್ಯೆಯಿತ್ತು. ಆದಕಾರಣ ಅದೇ ಯಂತ್ರವನ್ನು ಬಳಸುವ ಇತರರು ಒಳಗೆ ಇಣುಕಬಹುದಾಗಿತ್ತು. ಸಂಖ್ಯೆಯನ್ನು ಬದಲಿಸುವ ಅಧಿಕಾರವು ಒಡೆಯರಿಗಿದ್ದೇ ಇತ್ತು. ಆದರೆ ಬಾಗಿಲು ತೆರೆದಿದೆಯೆಂದು ಅರಿಯದವರು ಅದನ್ನು ಮುಚ್ಚುವುದೆಂತು? 2021ರ ಏಪ್ರಿಲ್‌ನಲ್ಲಿ ಬಂದ 21.04ನೆಯ ಆವೃತ್ತಿಯಿಂದ ಈ ಸಂಖ್ಯೆ 750 ಆಯಿತು. ಅದಕ್ಕೆ ಮೊದಲೇ ಕಟ್ಟಿದ್ದ ಮನೆಗಳ ಬಾಗಿಲುಗಳು ಮಾತ್ರ, ಒಡೆಯರೋ ನಿರ್ವಾಹಕರೋ ಮುಚ್ಚುವವರೆಗೆ, ಇದ್ದಂತೆಯೇ ಉಳಿದವು.