ಚೋಕ್ ಎಳೆಯುವ ಮುನ್ನ

ಕಾರ್ಬ್ಯುರೇಟರ್ ಇರುವ ಹಳೆಯ ಕಾರು ರಾತ್ರಿಯೆಲ್ಲ ನಿಂತು ಪೂರ್ತಿ ತಣ್ಣಗಾದ ಮೇಲೆ ಅದನ್ನು ಮತ್ತೆ ಚಾಲೂ ಮಾಡುವ ಕ್ರಮಕ್ಕೆ ಗ್ಯಾರೇಜುಗಳಲ್ಲಿ ಕೋಲ್ಡ್ ಸ್ಟಾರ್ಟ್ ಎನ್ನುತ್ತಾರೆ. ಇಂದಿನ ಕಾರುಗಳಲ್ಲಿ ಎಂಜಿನ್ ಎಷ್ಟು ತಣ್ಣಗಿದೆ, ಅದಕ್ಕೆ ಎಷ್ಟು ಪೆಟ್ರೋಲ್ ಬೇಕು ಎಂಬುದನ್ನು ಸೆನ್ಸರ್‌ಗಳೂ ಅವುಗಳ ಹಿಂದಿರುವ ಕಂಪ್ಯೂಟರೂ ಲೆಕ್ಕ ಹಾಕುತ್ತವೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮಹೀಂದ್ರ ಕಂಪನಿಯ ಪೆಟ್ರೋಲ್ ಜೀಪುಗಳಲ್ಲಿ ಈ ಲೆಕ್ಕವನ್ನು ಚಾಲಕನೇ ಕಿವಿಯಿಂದಲೂ ಮೂಗಿನಿಂದಲೂ ಹಾಕಬೇಕಾಗಿತ್ತು. ಹೊಸ ಸಹಸ್ರಮಾನದ ಆರಂಭದಲ್ಲಿ ಹೊಗೆಯ ನಿಯಮಗಳು ಬಿಗಿಯಾದಂತೆ ಹೊಸ ಕಾರುಗಳಿಂದ ಕಾರ್ಬ್ಯುರೇಟರ್ ಮರೆಯಾಯಿತು, ಅದರೊಡನೆ ಈ ಲೆಕ್ಕದ ವಿದ್ಯೆಯೂ ಸಾಮಾನ್ಯ ಚಾಲಕರ ಕೈತಪ್ಪಿತು. ಆದರೂ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಯಂಥ ಕಡೆ ಹಳೆಯ ಗಾಡಿಯನ್ನು ಗುಜರಿಗೆ ಹಾಕದೆ ಉಳಿಸಿಕೊಳ್ಳಬೇಕೆನ್ನುವವರಿಗೆ ಇದನ್ನು ಮೊದಲಿನಿಂದ ಕಲಿಯದೆ ಗತಿಯಿಲ್ಲ.

ಕಾರ್ಬ್ಯುರೇಟರ್ ಎಂಬುದು ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಸಾಧನ. ಗಾಳಿ ಹಾದುಹೋಗುವ ಕೊಳವೆಯನ್ನು ನಡುವೆ ಕಿರಿದಾಗಿಸಿದರೆ ಅಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ತಗ್ಗುತ್ತದೆ. ಇಟಲಿಯ ವಿಜ್ಞಾನಿ ವೆಂಚುರಿಯ ಹೆಸರು ಹೊತ್ತಿರುವ ಈ ಕಿರಿದಾದ ಭಾಗದಲ್ಲಿ ಜೆಟ್ ಎಂಬ ಸಣ್ಣ ರಂಧ್ರವಿದ್ದು, ಪಕ್ಕದ ಫ್ಲೋಟ್ ಚೇಂಬರಿನಲ್ಲಿ, ಅಂದರೆ ತೇಲುಬುರುಡೆಯೊಂದು ಮಟ್ಟ ಕಾಯುವ ಪುಟ್ಟ ತೊಟ್ಟಿಯಲ್ಲಿ ನಿಂತಿರುವ ಪೆಟ್ರೋಲನ್ನು ತಗ್ಗಿದ ಒತ್ತಡವು ಆ ಜೆಟ್ಟಿನ ಮೂಲಕ ಹೀರಿಕೊಳ್ಳುತ್ತದೆ. ಎಂಜಿನ್ ಬಿಸಿಯಾಗಿ ಓಡುತ್ತಿರುವಾಗ ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಇದ್ದರೆ ಎರಡೂ ಉಳಿಯದಂತೆ ಉರಿಯುತ್ತವೆ. ತಣ್ಣಗಿರುವಾಗ ಈ ಲೆಕ್ಕ ಕೆಡುತ್ತದೆ. ಪೆಟ್ರೋಲ್ ಒಂದೇ ದ್ರವವಲ್ಲ, ಸುಮಾರು 35 ಡಿಗ್ರಿಯಿಂದ 200 ಡಿಗ್ರಿ ಸೆಲ್ಸಿಯಸ್‌ವರೆಗಿನ ಬೇರೆಬೇರೆ ಶಾಖದಲ್ಲಿ ಕುದಿಯುವ ಹಲವು ದ್ರವಗಳ ಮಿಶ್ರಣ. ಉರಿಯುವುದು ಆವಿಯೇ ಹೊರತು ಹನಿಯಲ್ಲವಾದ್ದರಿಂದ, ತಣ್ಣನೆಯ ಎಂಜಿನ್ನಿನಲ್ಲಿ ಹಗುರವಾದ ಭಾಗವಷ್ಟೇ ಕಿಡಿಗೆ ಸಿಕ್ಕಿ ಉಳಿದದ್ದು ಕೊಳವೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಹಸಿ ಸೌದೆ ಹೊತ್ತಿಸಬೇಕಾದವರು ಪುರಳೆಯನ್ನು ಹೆಚ್ಚಾಗಿ ಒಡ್ಡುವಂತೆ, ಹಗುರ ಭಾಗ ಸಾಕಷ್ಟು ಸಿಗಲೆಂದು ಒಟ್ಟು ಪೆಟ್ರೋಲನ್ನೇ ಹಲವು ಪಟ್ಟು ಹೆಚ್ಚಿಸಬೇಕಾಗುತ್ತದೆ. ಆ ಕೆಲಸಕ್ಕಿರುವುದೇ ಡ್ಯಾಶ್‌ಬೋರ್ಡಿನ ಚೋಕ್ ಗುಂಡಿ.

ಚೋಕ್ ಎಲ್ಲ ಕಾರುಗಳಲ್ಲಿಯೂ ಒಂದೇ ರೀತಿ ಕೆಲಸ ಮಾಡುವುದಿಲ್ಲ ಎಂಬುದು ಬಹಳ ಮಂದಿ ಗಮನಿಸದ ಸಂಗತಿ. ಮಾರುತಿ 800ರ ಹಳೆಯ ಮಾದರಿಗಳಂಥ ಕಾರುಗಳಲ್ಲಿ ಅದು ಗಾಳಿಯ ದಾರಿಗೆ ಅಡ್ಡ ಬರುವ ಒಂದು ತಟ್ಟೆ. ಗಾಳಿ ಕಡಿಮೆಯಾದಷ್ಟೂ ಹೀರುವಿಕೆ ಹೆಚ್ಚಿ ಪೆಟ್ರೋಲ್ ಹೆಚ್ಚು ಬರುತ್ತದೆ. ಸೋಲೆಕ್ಸ್ ಕಾರ್ಬ್ಯುರೇಟರಿನ ಕೆಲವು ಮಾದರಿಗಳಲ್ಲಿ ತಟ್ಟೆಯೇ ಇಲ್ಲ, ಅದರ ಬದಲು ಚಾಲೂ ಮಾಡುವುದಕ್ಕೆಂದೇ ಒಂದು ಪ್ರತ್ಯೇಕ ಕಿರುಮಾರ್ಗವಿದ್ದು, ಆಕ್ಸಿಲರೇಟರ್ ತುಳಿದರೆ ಆ ಮಾರ್ಗದ ಹೀರುವಿಕೆ ಇಳಿದುಹೋಗುವುದರಿಂದ ಕಾಲನ್ನು ಪೆಡಲಿನಿಂದ ದೂರವಿಡಬೇಕು. ಹಿಂದೂಸ್ತಾನ್ ಮೋಟರ್ಸ್ ಸಂಸ್ಥೆಯು ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯನ್ನು ಆಧರಿಸಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ತಯಾರಿಸಿದ ಅಂಬಾಸಿಡರಿನ 1489 ಸಿ.ಸಿ. ಪೆಟ್ರೋಲ್ ಎಂಜಿನ್ನಿಗೆ ಬಹುಕಾಲ ಇದ್ದದ್ದು ಎಸ್.ಯು. ಕಾರ್ಬ್ಯುರೇಟರ್, ಅದರಲ್ಲಿ ಚೋಕ್ ಎಳೆದಾಗ ಜೆಟ್ಟೇ ಕೆಳಕ್ಕಿಳಿದು, ಅದರೊಳಗೆ ತೂಗುವ ಮೊನಚು ಸೂಜಿಯ ಸುತ್ತ ಹೆಚ್ಚು ಜಾಗ ಬಿಟ್ಟುಕೊಡುತ್ತದೆ. ಈ ಕಾರ್ಬ್ಯುರೇಟರಿಗೆ ಪೆಡಲ್ ತುಳಿದಾಗ ಪೆಟ್ರೋಲ್ ಚಿಮ್ಮಿಸುವ ಆಕ್ಸಿಲರೇಟರ್ ಪಂಪ್ ಇಲ್ಲವಾದ್ದರಿಂದ, ಸೆಲ್ಫ್ ಹೊಡೆಯುವ ಮುನ್ನ ನಾಲ್ಕು ಬಾರಿ ಆಕ್ಸಿಲರೇಟರ್ ಒತ್ತುವ ರೂಢಿ ಅಂಬಾಸಿಡರಿನಲ್ಲಿ ಕಾಲಿನ ವ್ಯಾಯಾಮವೇ ಹೊರತು ಬೇರೇನೂ ಅಲ್ಲ.

ಇಷ್ಟಾಗಿಯೂ ಕಾರ್ಬ್ಯುರೇಟರ್ ಕುರಿತ ಪಾಠಗಳು ಹಿಮ ಬೀಳುವ ದೇಶಗಳಲ್ಲಿ ರೂಪುಗೊಂಡವು ಎಂಬುದನ್ನು ಮರೆಯಬಾರದು. ಭತ್ತದ ಕಣಜವೆನಿಸಿದ ಕೃಷ್ಣರಾಜನಗರದ ಕಾವೇರಿ ಬಯಲಿನಲ್ಲಿ ಧನುರ್ಮಾಸದ ಮುಂಜಾನೆ ಮಂಜು ಕವಿದರೂ ಉಷ್ಣಾಂಶವು ಸಾಮಾನ್ಯವಾಗಿ 14ರಿಂದ 17 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಅಷ್ಟು ಚಳಿಗೆ ಸರಿಯಾಗಿರುವ ಎಂಜಿನ್ ಹೆದರಬೇಕಾದ್ದಿಲ್ಲ. ಈ ಸೀಮೆಯಲ್ಲಿ ಚಳಿಯ ತಲೆಗೆ ಕಟ್ಟುವ ತೊಂದರೆಗಳಲ್ಲಿ ಹೆಚ್ಚಿನವು ಕಾರು ಸುಮ್ಮನೆ ನಿಂತದ್ದರ ಫಲ. ದಿನವೂ ಓಡುವ ಕಾರಿನ ಫ್ಲೋಟ್ ಚೇಂಬರ್ ತುಂಬಿರುತ್ತದೆ. ಹಬ್ಬಕ್ಕೋ ಮದುವೆಗೋ ಮಾತ್ರ ಹೊರಬರುವ ಕಾರಿನಲ್ಲಿ ಆ ಪೆಟ್ರೋಲ್ ಎರಡು ಮೂರು ವಾರಗಳಲ್ಲಿ ಆವಿಯಾಗಿ ಹೋಗುವುದರಿಂದ, ಚೋಕ್ ಎಷ್ಟು ಎಳೆದರೂ ಹೀರಿಕೊಳ್ಳಲು ಅಲ್ಲಿ ಏನೂ ಇರುವುದಿಲ್ಲ. ಖಾಲಿ ತೊಟ್ಟಿಯನ್ನು ಸೆಲ್ಫ್ ಹೊಡೆದೇ ತುಂಬಿಸಲು ಹೊರಟವರು ಪೆಟ್ರೋಲ್ ಬರುವಷ್ಟರಲ್ಲಿ ಬ್ಯಾಟರಿಯನ್ನು ಇಳಿಸಿಬಿಡುತ್ತಾರೆ. ಎಂಜಿನ್ನಿನ ಪಕ್ಕದಲ್ಲಿರುವ ಪೆಟ್ರೋಲ್ ಪಂಪಿಗೆ ಹಲವು ಕಾರುಗಳಲ್ಲಿ ಒಂದು ಸಣ್ಣ ಕೈಲಿವರ್ ಇರುತ್ತದೆ. ಅದನ್ನು ಮೇಲೆ ಕೆಳಗೆ ಆಡಿಸಿದರೆ ಬ್ಯಾಟರಿಯ ಹಂಗಿಲ್ಲದೆ ತೊಟ್ಟಿ ತುಂಬುತ್ತದೆ. 1961ರಿಂದ 1996ರವರೆಗೆ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿ ಬೈಕುಗಳನ್ನು ಬಲ್ಲವರಿಗೆ ಈ ತತ್ತ್ವ ಹೊಸದಲ್ಲ, ಕಾರ್ಬ್ಯುರೇಟರಿನ ಟಿಕ್ಲರ್ ಎಂಬ ಗುಂಡಿಯನ್ನು ಒತ್ತಿ ತೊಟ್ಟಿಯ ಮಟ್ಟವನ್ನು ಏರಿಸಿದ ಮೇಲೆಯೇ ಅವರು ಕಿಕ್ಕರಿಗೆ ಕಾಲಿಡುತ್ತಿದ್ದರು.

ಎರಡನೆಯ ಶತ್ರು ತೇವ. ಮುಂಗಾರಿನಲ್ಲಿ, ಅದರಲ್ಲಿಯೂ ಕಬಿನಿ ಸೀಮೆಯ ಕಾಡಂಚಿನಲ್ಲಿ, ಡಿಸ್ಟ್ರಿಬ್ಯೂಟರ್ ಎಂಬ ಕಿಡಿ ಹಂಚುವ ಸಾಧನದ ಮುಚ್ಚಳದೊಳಗೆ ಹನಿಗಟ್ಟಿ, ಪ್ಲಗ್ಗಿಗೆ ಹೋಗಬೇಕಾದ ವಿದ್ಯುತ್ತು ದಾರಿಯಲ್ಲಿಯೇ ಸೋರಿಹೋಗುತ್ತದೆ. ಒಣಬಟ್ಟೆಯಿಂದ ಮುಚ್ಚಳದ ಒಳಹೊರಗನ್ನೂ ದಪ್ಪ ವೈರುಗಳನ್ನೂ ಒರೆಸುವುದು ಅದಕ್ಕಿರುವ ಪರಿಹಾರ. ಬ್ಯಾಟರಿ ದುರ್ಬಲವಾಗಿದ್ದರೆ ಸೆಲ್ಫ್ ತಿರುಗುವಾಗ ವೋಲ್ಟೇಜ್ ಕುಸಿದು, ಕಿಡಿ ಬೇಕಾದ ಹೊತ್ತಿಗೇ ಸಣ್ಣದಾಗುವುದೂ ಉಂಟು.

ಇವೆಲ್ಲ ನೆಟ್ಟಗಿದ್ದ ಮೇಲೆ ಉಳಿಯುವುದು ಸಣ್ಣ ಕ್ರಮ. ಗೇರನ್ನು ನ್ಯೂಟ್ರಲ್ಲಿಗೆ ತಂದು, ಗೇರ್‌ಬಾಕ್ಸಿನ ಮಂದವಾದ ಆಯಿಲನ್ನು ಕಲಕುವ ಹೊರೆ ತಪ್ಪಲೆಂದು ಕ್ಲಚ್ ಒತ್ತಿ, ಚೋಕ್ ಪೂರ್ತಿ ಎಳೆದು, ಸೆಲ್ಫನ್ನು ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯದೆ, ನಡುನಡುವೆ ಅರ್ಧ ನಿಮಿಷವಾದರೂ ಬಿಡುವು ಕೊಡಬೇಕು. ಎಂಜಿನ್ ಹಿಡಿದೊಡನೆ ಚೋಕನ್ನು ಸ್ವಲ್ಪ ಸ್ವಲ್ಪವಾಗಿ ಒಳಕ್ಕೆ ತಳ್ಳುತ್ತ ಬರುವುದರಲ್ಲಿಯೇ ನಿಜವಾದ ಕೈಚಳಕವಿದೆ. ಬೇಗ ತಳ್ಳಿದರೆ ಎಂಜಿನ್ ಕೆಮ್ಮಿ ನಿಲ್ಲುತ್ತದೆ, ತಡಮಾಡಿದರೆ ಹೊಗೆ ಕಪ್ಪಗಾಗುವುದಲ್ಲದೆ ಹೆಚ್ಚಾದ ಪೆಟ್ರೋಲ್ ಸಿಲಿಂಡರಿನ ಗೋಡೆಯ ಆಯಿಲನ್ನು ತೊಳೆದುಕೊಂಡು ಕೆಳಗಿಳಿದು ಎಂಜಿನ್ ಆಯಿಲನ್ನೇ ತೆಳುವಾಗಿಸುತ್ತದೆ. ನಿಂತಲ್ಲೇ ಬಹಳ ಹೊತ್ತು ಬಿಸಿ ಮಾಡುವುದಕ್ಕಿಂತ ಒಂದೆರಡು ನಿಮಿಷದಲ್ಲಿ ಮೆಲ್ಲಗೆ ಹೊರಡುವುದು ಲೇಸು, ಬಾಗಿಲು ಮುಚ್ಚಿದ ಶೆಡ್ಡಿನಲ್ಲಂತೂ ವಿಷಾನಿಲದ ಕಾರಣಕ್ಕೆ ಎಂಜಿನ್ ಓಡಿಸಲೇಬಾರದು. ಪೆಟ್ರೋಲಿನ ವಾಸನೆ ಮೂಗಿಗೆ ಅಡರಿ, ಪ್ಲಗ್ಗುಗಳು ನೆನೆದು ಎಂಜಿನ್ ಓವರ್‌ಫ್ಲೋ ಆದರೆ, ಚೋಕನ್ನು ಪೂರ್ತಿ ಒಳಕ್ಕೆ ತಳ್ಳಿ ಆಕ್ಸಿಲರೇಟರನ್ನು ಪದೇ ಪದೇ ತುಳಿಯದೆ ಒಂದೇ ಸಮನೆ ಒತ್ತಿಹಿಡಿದು ಸೆಲ್ಫ್ ಹೊಡೆದಾಗ ಒಳನುಗ್ಗುವ ಗಾಳಿ ಅದನ್ನು ಒಣಗಿಸುತ್ತದೆ.

ಅಂಬಾಸಿಡರಿನ ಮುಂಬದಿಯ ರಂಧ್ರಕ್ಕೆ ತೂರಿಸುವ ಹ್ಯಾಂಡಲ್ ಬ್ಯಾಟರಿ ಕೈಕೊಟ್ಟಾಗಿನ ಆಸರೆ ಮಾತ್ರವಲ್ಲ. ಇಗ್ನಿಷನ್ ಆರಿಸಿ, ಚೋಕ್ ಎಳೆದು, ಕೈಯಿಂದ ಎರಡು ಮೂರು ಸುತ್ತು ತಿರುಗಿಸಿದರೆ ಸಿಲಿಂಡರುಗಳು ಮಿಶ್ರಣ ಎಳೆದುಕೊಂಡು ಸಿದ್ಧವಾಗುತ್ತವೆ, ಹಾಗೆಯೇ ಜಡ್ಡುಗಟ್ಟಿದ ಆಯಿಲ್ ಸಡಿಲಗೊಳ್ಳುತ್ತದೆ. ಹ್ಯಾಂಡಲ್ ಹೊಡೆಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಬದಿಗೇ ಇಟ್ಟು ಕೆಳಗಿನಿಂದ ಮೇಲಕ್ಕೆ ಎಳೆಯಬೇಕು, ಏಕೆಂದರೆ ಕಿಡಿ ಮುಂಚೆಯೇ ಬಿದ್ದು ಎಂಜಿನ್ ಹಿಮ್ಮುಖವಾಗಿ ಒದ್ದರೆ ಸುತ್ತಿ ಹಿಡಿದ ಹೆಬ್ಬೆರಳು ಮುರಿಯುತ್ತದೆ. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸೆಲ್ಫ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದದ್ದೇ ಇಂಥ ಅಪಾಯಗಳಿಂದ ಬಿಡುಗಡೆಯಾಗಿ.

ಇತ್ತೀಚೆಗೆ ಈ ವಿದ್ಯೆಗೆ ಹೊಸದೊಂದು ತೊಡಕು ಬಂದಿದೆ. ಬಂಕುಗಳಲ್ಲಿ ಈಗ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇದ್ದು, ಅದು ಆವಿಯಾಗಲು ಪೆಟ್ರೋಲಿನ ಎರಡು ಪಟ್ಟಿಗೂ ಹೆಚ್ಚು ಶಾಖವನ್ನು ಹೀರುವುದಲ್ಲದೆ ಉರಿಯಲು ಕಡಿಮೆ ಗಾಳಿಯನ್ನು ಬೇಡುವುದರಿಂದ, ಹಿಂದಿನ ಪೆಟ್ರೋಲಿಗೆಂದು ಹೊಂದಿಸಿದ ಜೆಟ್ಟಿಗೆ ಮಿಶ್ರಣ ಸ್ವಲ್ಪ ಬಡವಾಗಿ, ಚೋಕನ್ನು ಮೊದಲಿಗಿಂತ ಹೆಚ್ಚು ಹೊತ್ತು ಎಳೆದಿಡಬೇಕಾಗುತ್ತದೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರ್ ಪೈಪುಗಳನ್ನು ಮೆತ್ತಗಾಗಿಸುತ್ತದೆ. 2021ರಲ್ಲಿ ಕೇಂದ್ರ ಸರ್ಕಾರವು 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ವಾಹನಗಳಿಗೆ ವಿಂಟೇಜ್ ನೋಂದಣಿಯ ಪ್ರತ್ಯೇಕ ನಿಯಮ ತಂದು ಅವುಗಳ ನಿತ್ಯದ ಓಡಾಟಕ್ಕೆ ಮಿತಿ ಹಾಕಿರುವುದರಿಂದ, ಆ ನೋಂದಣಿ ಪಡೆದ ಕಾರುಗಳು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಹೀಗೆ ತಿಂಗಳುಗಟ್ಟಲೆ ನಿಲ್ಲಿಸುವವರು ಪೆಟ್ರೋಲ್ ಬರುವ ದಾರಿಯನ್ನು ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಫ್ಲೋಟ್ ಚೇಂಬರನ್ನು ಬರಿದು ಮಾಡಿ, ಬ್ಯಾಟರಿಯ ಒಂದು ತುದಿ ಬಿಚ್ಚಿಡುವುದು ವಾಡಿಕೆ; ಜೆಟ್ಟಿನಲ್ಲಿ ಅಂಟು ಕಟ್ಟದೆ ಉಳಿದರೆ ಮುಂದಿನ ಸಲ ಹೊಸ ಪೆಟ್ರೋಲ್, ಪಂಪಿನ ಕೈಲಿವರ್ ಮತ್ತು ತುಂಬಿದ ಬ್ಯಾಟರಿ ಇಷ್ಟೇ ಸಾಕಾಗುತ್ತವೆ.