ದೊಡ್ಡ ಚಕ್ರ, ಹಳೆಯ ಚೀಟಿ

2023ರ ಬೇಸಿಗೆಯಲ್ಲಿ ಆರು ವಾರಗಳನ್ನು ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ, ಡೆನ್ವರ್ ನಗರದ ಹೊರವಲಯದಲ್ಲಿರುವ ಸೋದರಳಿಯನ ಮನೆಯಲ್ಲಿ ಕಳೆದೆ. ನಿವೃತ್ತರಾದ ನಮ್ಮಂಥವರು ಅಲ್ಲಿಗೆ ಹೋದಾಗ ಆಗುವುದೆಲ್ಲ ಆಯಿತು: ದೇವಸ್ಥಾನ, ಕನ್ನಡ ಕೂಟದ ಊಟ, ಸಂಜೆಯ ವಾಕಿಂಗು. ಆದರೆ ಊರಿಗೆ ಮರಳಿದ ಮೇಲೂ ನನ್ನ ತಲೆಯಲ್ಲಿ ಉಳಿದದ್ದು ಅವನ ಮನೆಯ ಮುಂದೆ ನಿಂತಿದ್ದ ಪಿಕಪ್ ಟ್ರಕ್ಕು.

ಆ ದೇಶದಲ್ಲಿ ಪಿಕಪ್ ಟ್ರಕ್ಕೆಂದರೆ ಸರಕು ಸಾಗಣೆಯ ವಾಹನ ಮಾತ್ರವಲ್ಲ, ಮಧ್ಯಮ ವರ್ಗದ ಮನೆಯ ಕಾರು ಕೂಡ. ರಜೆ ಬಂತೆಂದರೆ ಮಂಚ, ಒಲೆ, ಸ್ನಾನದ ಮನೆ ಇರುವ ಟ್ರೇಲರನ್ನು ಅದರ ಬಾಲಕ್ಕೆ ಕಟ್ಟಿಕೊಂಡು ಸಂಸಾರ ಸಮೇತ ಬೆಟ್ಟ ಹತ್ತುತ್ತಾರೆ. ಅಳಿಯನ ಟ್ರೇಲರಿನ ತೂಕ ಸುಮಾರು ಮೂರು ಟನ್ನು. ಟ್ರಕ್ಕಿಗೆ ಕಾರ್ಖಾನೆಯಿಂದ ಬಂದ ಟೈರುಗಳ ವ್ಯಾಸ 32 ಇಂಚು. ನಾನು ಹೋಗುವ ಹಿಂದಿನ ತಿಂಗಳಷ್ಟೇ ಅವನು ಅವುಗಳನ್ನು ಕಳಚಿಸಿ, ಅಂಗಡಿಯೊಂದರಲ್ಲಿ 35 ಇಂಚಿನವನ್ನು ಹಾಕಿಸಿದ್ದ. ಟ್ರಕ್ಕು ಗಂಭೀರವಾಗಿ, ಹೇಳಬೇಕೆಂದರೆ ರಾಜಗಾಂಭೀರ್ಯದಿಂದಲೇ ಕಾಣುತ್ತಿತ್ತು. ಪ್ರದರ್ಶನಕ್ಕಾಗಿ ಮಾಡುವ ವೆಚ್ಚದ ಬಗ್ಗೆ ಅಮೆರಿಕದವನೇ ಆದ ವೆಬ್ಲೆನ್ 1899ರಲ್ಲಿ ಬರೆದದ್ದು ನೆನಪಾಯಿತು, ಅತಿಥಿಯಾಗಿದ್ದುದರಿಂದ ಬಾಯಿಬಿಡಲಿಲ್ಲ. ‘ಭಾರ ಎಳೆಯುವುದಕ್ಕೆ ಇದರಿಂದ ಅನುಕೂಲವೇ’ ಎಂದು ಅಂಗಡಿಯವರು ಹೇಳಿದ್ದರಂತೆ.

ಮೊದಲು ಅನುಮಾನ ಹುಟ್ಟಿಸಿದ್ದು ರಸ್ತೆ ಬದಿಯ ಒಂದು ಫಲಕ. ಎದುರು ಬರುವ ವಾಹನದ ವೇಗವನ್ನು ಅಳೆದು ದೀಪದಂಕಿಗಳಲ್ಲಿ ತೋರಿಸುವ ಫಲಕಗಳು ಅಲ್ಲಿನ ಬಡಾವಣೆಗಳಲ್ಲಿ ಸಾಮಾನ್ಯ. ನಮ್ಮ ಸ್ಪೀಡೋಮೀಟರ್ 30 ಮೈಲಿ ಎನ್ನುತ್ತಿತ್ತು, ಫಲಕ 33 ಎಂದಿತು. ಅಳಿಯ ನಕ್ಕು ಸುಮ್ಮನಾದ. ನನಗೆ ಸುಮ್ಮನಿರಲಾಗಲಿಲ್ಲ. ವಾಹನದ ಯಂತ್ರ ಎಣಿಸುವುದು ಚಕ್ರದ ಸುತ್ತುಗಳನ್ನೇ ಹೊರತು ರಸ್ತೆಯ ಉದ್ದವನ್ನಲ್ಲ. ಚಕ್ರ ಶೇ 9ರಷ್ಟು ಹಿಗ್ಗಿದರೆ ಪ್ರತಿ ಸುತ್ತಿಗೂ ವಾಹನ ಶೇ 9ರಷ್ಟು ಹೆಚ್ಚು ದೂರ ಹೋಗುತ್ತದೆ. ಹೆದ್ದಾರಿಯಲ್ಲಿ 60 ಎಂದು ನೆಮ್ಮದಿಯಿಂದ ಓಡಿಸುವವನು ನಿಜವಾಗಿ 65ನ್ನು ದಾಟಿರುತ್ತಾನೆ.

ಆ ವಾರಾಂತ್ಯ ಟ್ರೇಲರು ಕಟ್ಟಿಕೊಂಡು 70ನೇ ಅಂತರರಾಜ್ಯ ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೊರಟೆವು. ಹಿಂದಿನ ಸೀಟಿನಲ್ಲಿ ಅವನ ಇಬ್ಬರು ಮಕ್ಕಳು. ಡೆನ್ವರ್ ಇರುವುದೇ ಸಮುದ್ರಮಟ್ಟದಿಂದ ಒಂದು ಮೈಲಿ ಎತ್ತರದಲ್ಲಿ. ಅಲ್ಲಿಂದ ಐಸೆನ್‌ಹೋವರ್ ಸುರಂಗದ ಬಾಯಿಗೆ ಬರುವಷ್ಟರಲ್ಲಿ ಎತ್ತರ 11 ಸಾವಿರ ಅಡಿ ಮೀರುತ್ತದೆ. ಗಾಳಿ ತೆಳುವಾದಂತೆ ಎಂಜಿನ್ನಿನ ಉಸಿರೂ ಕುಗ್ಗುತ್ತದೆ. ಟ್ರಕ್ಕು ಒಂದು ಗೇರಿನಿಂದ ಇನ್ನೊಂದಕ್ಕೆ ಹಾರುತ್ತ, ನರಳುತ್ತ ಏರಿತು. ನಿಜವಾದ ಕಷ್ಟ ಎದುರಾದದ್ದು ಸುರಂಗ ದಾಟಿ ಸಿಲ್ವರ್‌ಥಾರ್ನ್ ಕಡೆಗೆ ಇಳಿಯುವಾಗ. ಬ್ರೇಕು ತಪ್ಪಿದ ಲಾರಿಗಳು ನುಗ್ಗಿ ನಿಲ್ಲಲೆಂದೇ ಆ ಇಳಿಜಾರಿನ ಪಕ್ಕದಲ್ಲಿ ಜಲ್ಲಿಯ ದಾರಿಗಳನ್ನು ಮಾಡಿದ್ದಾರೆ. ಅರ್ಧ ಇಳಿಯುವಷ್ಟರಲ್ಲಿ ಸುಟ್ಟ ವಾಸನೆ ಬಂತು. ಅಳಿಯನ ಪಾದ ಎಷ್ಟು ಬಲವಾಗಿ ಒತ್ತಿದೆಯೆಂದು ಅವನ ಮೊಣಕಾಲು ನೋಡಿದರೇ ತಿಳಿಯುತ್ತಿತ್ತು. ಕೆಳಗೆ ತಲುಪಿ ನಿಲ್ಲಿಸಿದಾಗ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮಕ್ಕಳು ಮಾತ್ರ ಐಸ್‌ಕ್ರೀಮು ಕೇಳುತ್ತಿದ್ದರು.

ಅಂದು ರಾತ್ರಿ ಟ್ರಕ್ಕಿನ ಕೈಪಿಡಿ ಹಿಡಿದು ಕುಳಿತೆ. ಸಂಗತಿ ಪ್ರೌಢಶಾಲೆಯ ಸನ್ನೆಕೋಲಿನ ಪಾಠದಷ್ಟು ಸರಳ. ಎಂಜಿನ್ನು ಅಚ್ಚನ್ನು ತಿರುಗಿಸುವ ಬಲ ಅಷ್ಟೇ ಇದ್ದು, ಅಚ್ಚಿನಿಂದ ನೆಲಕ್ಕಿರುವ ದೂರ ಹೆಚ್ಚಿದರೆ, ನೆಲಕ್ಕೆ ದಕ್ಕುವ ಎಳೆತ ಕಡಿಮೆಯಾಗುತ್ತದೆ. ಆ ಟ್ರಕ್ಕಿನ ಹಿಂದಿನ ಅಚ್ಚಿನ ಗೇರಿನ ಅನುಪಾತ 3.55. ಹೊಸ ಚಕ್ರಗಳಿಂದ ಅದು 3.25ಕ್ಕೆ ಇಳಿದಂತಾಗಿತ್ತು. ಬ್ರೇಕಿನದೂ ಇದೇ ಲೆಕ್ಕ. ಅದೇ ಒತ್ತಡಕ್ಕೆ ತಡೆಯುವ ಬಲ ಶೇ 8ಕ್ಕೂ ಹೆಚ್ಚು ಕಡಿಮೆ, ತಡೆಯಬೇಕಾದ ಚಕ್ರದ ತೂಕವೋ ಹೆಚ್ಚು. ಇಳಿಜಾರಿನಲ್ಲಿ ಕೆಳ ಗೇರಿಗೆ ಹಾಕಿ ಎಂಜಿನ್ನಿನಿಂದಲೇ ವಾಹನವನ್ನು ತಡೆಯುವ ಉಪಾಯವೂ ಅಷ್ಟರ ಮಟ್ಟಿಗೆ ದುರ್ಬಲ. ಟ್ರೇಲರಿಗೆ ತನ್ನದೇ ಬ್ರೇಕುಗಳಿರುತ್ತವೆ, ನಿಜ. ಆದರೆ ಟ್ರಕ್ಕು ತನ್ನ ಪಾಲಿನ ಕೆಲಸವನ್ನು ಮಾಡುತ್ತದೆಂಬ ನಂಬಿಕೆಯ ಮೇಲೆಯೇ ಅವುಗಳ ಹಂಚಿಕೆ ನಿಂತಿದೆ. ಕೊಂಡಿಯೂ ಒಂದೂವರೆ ಇಂಚು ಮೇಲೆದ್ದಿತ್ತು. ಟ್ರೇಲರಿನ ಮೂಗು ಎತ್ತರವಾದರೆ ಅದರ ಭಾರ ಹಿಂದಕ್ಕೆ ಸರಿಯುತ್ತದೆ. ಟ್ರೇಲರಿನ ತೂಕದ ಶೇ 10ರಿಂದ 15ರಷ್ಟು ಕೊಂಡಿಯ ಮೇಲೆ ಕುಳಿತಿರಬೇಕೆಂಬುದು ರೂಢಿಯ ನಿಯಮ. ಅದು ತಗ್ಗಿದರೆ ಹಿಂದಿನ ಗಾಡಿ ಹಾವಿನಂತೆ ಬಳುಕಲು ತೊಡಗುತ್ತದೆ.

ನನ್ನನ್ನು ದಂಗುಬಡಿಸಿದ್ದು ಇವಾವುವೂ ಅಲ್ಲ, ಟೈರಿನ ಪಕ್ಕೆಯ ಮೇಲಿದ್ದ ಸಂಖ್ಯೆ. ದೊಡ್ಡ ಟೈರು ಹೆಚ್ಚು ಭಾರ ಹೊರುತ್ತದೆಂದು ಯಾರಾದರೂ ಊಹಿಸುತ್ತಾರೆ. ಹಳೆಯ 18 ಇಂಚಿನ ರಿಮ್ಮಿನ ಟೈರಿನ ಭಾರಸೂಚಿ 123, ಅಂದರೆ ಒಂದು ಟೈರಿಗೆ 1,550 ಕಿಲೋ. 20 ಇಂಚಿನ ರಿಮ್ಮಿನ ಹೊಸ ಟೈರಿನದು 121, ಅಂದರೆ 1,450 ಕಿಲೋ. ಎತ್ತರ, ಅಗಲ, ಬೆಲೆ ಮೂರೂ ಹೆಚ್ಚಿ, ಹೊರುವ ಶಕ್ತಿ ಮಾತ್ರ ನೂರು ಕಿಲೋ ಇಳಿದಿತ್ತು! ಎರಡರಲ್ಲಿ ತುಂಬಬೇಕಾದ ಗಾಳಿಯ ಒತ್ತಡವೂ ಬೇರೆ ಬೇರೆ. ಚಾಲಕನ ಬಾಗಿಲ ಕಂಬದ ಚೀಟಿಯಲ್ಲಿ ಅಚ್ಚಾದ ಒತ್ತಡ ಹಳೆಯ ಟೈರಿನದು. ಹೊಸದಕ್ಕೂ ಅಳಿಯ ಅದನ್ನೇ ನಂಬಿದ್ದ.

ಇಷ್ಟು ಭಾರ ಎಳೆಯಬಲ್ಲೆವೆಂದು ಟ್ರಕ್ಕಿನ ಕಂಪನಿಗಳು ಹೇಳಿಕೊಳ್ಳುವ ಅಂಕಿ ಎಲ್ಲಿಂದ ಬರುತ್ತದೆ ಎಂಬುದೂ ತಿಳಿಯತಕ್ಕ ವಿಷಯ. ಬಹುಕಾಲ ಪ್ರತಿಯೊಂದು ಕಂಪನಿಯೂ ತನ್ನದೇ ಅಳತೆಗೋಲಿನಿಂದ ಅಳೆದು ಜಾಹೀರಾತು ಮಾಡುತ್ತಿತ್ತು. ವಾಹನ ಎಂಜಿನಿಯರುಗಳ ಸಂಘವಾದ ಎಸ್‌ಎಇ 2008ರಲ್ಲಿ ಜೆ2807 ಎಂಬ ಸಮಾನ ಮಾನದಂಡವನ್ನು ಪ್ರಕಟಿಸಿತು. ಟೊಯೊಟಾ ಮೊದಲು ಒಪ್ಪಿತು, ಉಳಿದವರು ಕೆಲವು ವರ್ಷ ಮೀನಮೇಷ ಎಣಿಸಿ ಹಿಂಬಾಲಿಸಿದರು. ಇದರಂತೆ ವಾಹನವು ಅರಿಜೋನಾದ ಡೇವಿಸ್ ಡ್ಯಾಮ್ ಬಳಿಯ ಏರಿನಂಥ ದಾರಿಯನ್ನು, ನೂರು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಿನಲ್ಲಿ, ಹವಾನಿಯಂತ್ರಣ ಯಂತ್ರ ಪೂರ್ತಿ ಓಡುತ್ತಿರುವಾಗ, ಭಾರ ಸಮೇತ ಗಂಟೆಗೆ 40 ಮೈಲಿಗಿಂತ ಕಡಿಮೆಯಾಗದ ವೇಗದಲ್ಲಿ ಏರಬೇಕು. ಶೇ 12ರ ಏರಿನಲ್ಲಿ ನಿಂತಲ್ಲಿಂದ ಮತ್ತೆ ಮತ್ತೆ ಹೊರಡಬೇಕು. ಅಂದರೆ ಆ ಅಂಕಿ ಎಂಜಿನ್ನಿನದಲ್ಲ, ಗೇರಿನದಲ್ಲ, ಚಕ್ರದ್ದೂ ಅಲ್ಲ. ಅವೆಲ್ಲ ಒಂದು ನಿಶ್ಚಿತ ಜೋಡಣೆಯಲ್ಲಿ ಕೂಡಿದಾಗಿನ ಫಲ. ಒಂದನ್ನು ಬದಲಿಸಿದ ಕ್ಷಣವೇ ಅಂಕಿ ಅಸಿಂಧು. ಆದರೆ ಅದು ನಮ್ಮ ಮನಸ್ಸಿನಿಂದ ಅಳಿಯುವುದಿಲ್ಲ. ಚಕ್ರದ ಗಾತ್ರ ಕಂಡು ಅದಕ್ಕೆ ಇನ್ನಷ್ಟು ಕೂಡಿಸಿಕೊಳ್ಳುತ್ತೇವೆ.

ಈ ವಿಷಯ ನನ್ನನ್ನು ಇಷ್ಟು ಕಾಡಿದ್ದಕ್ಕೆ ಇನ್ನೊಂದು ಕಾರಣವಿದೆ. 1990ರ ದಶಕದ ಆರಂಭದಲ್ಲಿ ನಾನು ಕಬ್ಬು ಬೆಳೆಯುವ ಸೀಮೆಯೊಂದರಲ್ಲಿ ಉಪವಿಭಾಗಾಧಿಕಾರಿಯಾಗಿದ್ದೆ. ಅರೆಯುವ ಕಾಲದಲ್ಲಿ ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರು ಕಟ್ಟಿ, ಆಳೆತ್ತರಕ್ಕೆ ಕಬ್ಬು ಹೇರಿ ಎಳೆಯುವ ದೃಶ್ಯ ಆ ಕಡೆಯವರಿಗೆ ಹೊಸದಲ್ಲ. ಅಂಥ ಒಂದು ಟ್ರ್ಯಾಕ್ಟರು ನಾಲೆಯ ಏರಿ ಹತ್ತುವಾಗ ಮುಂಗಾಲೆತ್ತಿದ ಕುದುರೆಯಂತೆ ಎದ್ದು ಹಿಂದಕ್ಕೆ ಮಗುಚಿತು. ಚಾಲಕ ಇಪ್ಪತ್ತೆರಡು ವರ್ಷದ ಹುಡುಗ, ಅಡಿಯಲ್ಲಿ ಸಿಕ್ಕಿಕೊಂಡ. ಕಾರಣ ‘ಅತಿಭಾರ’ ಎಂದು ಬರೆದು ಕಡತ ಮುಚ್ಚಿದೆವು. ಹಿಂದಿನ ಚಕ್ರಗಳಿಗೆ ದೊಡ್ಡ ಟೈರು ಹಾಕಿಸಿದ್ದರೆಂದು ಗ್ರಾಮಸ್ಥರೊಬ್ಬರು ಅಂದು ಹೇಳಿದ್ದರು. ಚಕ್ರ ದೊಡ್ಡದಾದರೆ ಕೊಂಡಿ ಮೇಲಾಗುತ್ತದೆ, ಕೊಂಡಿ ಮೇಲಾದಷ್ಟೂ ಹಿಂದಿನ ಭಾರ ಟ್ರ್ಯಾಕ್ಟರನ್ನು ಮಗುಚುವ ಶಕ್ತಿ ಹೆಚ್ಚುತ್ತದೆ. ಮಹಜರಿನಲ್ಲಿ ಚಕ್ರದ ಅಳತೆ ಇರಲಿಲ್ಲ. ಬರೆಸಬೇಕೆಂದು ನನಗೂ ಹೊಳೆಯಲಿಲ್ಲ.

ಕಾನೂನು ಎರಡೂ ಕಡೆ ಇದೆ, ರೀತಿ ಬೇರೆ. ನಮ್ಮ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ, ಕೇರಳದ ಪ್ರಕರಣವೊಂದರಲ್ಲಿ, ಇದನ್ನು ಖಚಿತವಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡನ್ನೂ ವಿಧಿಸಿದೆ. ಅಮೆರಿಕದ ಕೇಂದ್ರ ಕಾನೂನು ಕಾರ್ಖಾನೆ, ಮಾರಾಟಗಾರ, ದುರಸ್ತಿ ಅಂಗಡಿಗಳು ಸುರಕ್ಷತಾ ಸಾಧನವನ್ನು ನಿಷ್ಕ್ರಿಯಗೊಳಿಸದಂತೆ ತಡೆಯುತ್ತದೆ, ಮಾಲೀಕನನ್ನು ಅವನ ಪಾಡಿಗೆ ಬಿಡುತ್ತದೆ. ಎತ್ತರದ ಮಿತಿಗಳು ರಾಜ್ಯಕ್ಕೊಂದು ಬಗೆ. ನಮ್ಮಲ್ಲಿ ನಿಷೇಧವಿದೆ, ಅಳೆಯುವವರಿಲ್ಲ. ಅಲ್ಲಿ ಸ್ವಾತಂತ್ರ್ಯವಿದೆ, ಲೆಕ್ಕ ಹಾಕುವವರು ಕಡಿಮೆ. ಅರ್ಥಶಾಸ್ತ್ರದ ಭಾಷೆಯಲ್ಲಿ ಇದು ಬಾಹ್ಯ ವೆಚ್ಚ: ಅಂದದ ಸುಖ ಮಾಲೀಕನಿಗೆ, ನಿಲ್ಲದ ಬ್ರೇಕಿನ ಬೆಲೆಯ ಪಾಲು ಮುಂದಿನ ಕಾರಿನವನಿಗೆ.

ಹಾಗೆಂದು ದೊಡ್ಡ ಚಕ್ರಕ್ಕೆ ಉಪಯೋಗವೇ ಇಲ್ಲವೆಂದಲ್ಲ. ಬಂಡೆ, ಕೆಸರು, ಹಿಮದ ದಾರಿಯಲ್ಲಿ ಆ ಎತ್ತರ ಬೇಕು. ಬೇಕೆಂದವರು ಅಚ್ಚಿನ ಗೇರನ್ನು 3.9ರ ಆಸುಪಾಸಿಗೆ ಬದಲಿಸಿ, ಸ್ಪೀಡೋಮೀಟರನ್ನು ಸರಿಹೊಂದಿಸಿ, ಕೊಂಡಿಯನ್ನು ತಗ್ಗಿಸಿ, ಭಾರಸೂಚಿ ಹೆಚ್ಚಿರುವ ಟೈರನ್ನೇ ಹುಡುಕಿ ಹಾಕಿಸಬಹುದು. ಬ್ರೇಕಿನ ಕೊರತೆ ಆಗಲೂ ಉಳಿಯುತ್ತದೆ. ಅಳಿಯ ಗೇರಿನ ಕೆಲಸಕ್ಕೆ ಬೆಲೆ ವಿಚಾರಿಸಿದ, ಎರಡು ದಿನ ಯೋಚಿಸಿದ. ಮೂರನೆಯ ದಿನ ಗ್ಯಾರೇಜಿನ ಮೂಲೆಯಲ್ಲಿ ಪೇರಿಸಿಟ್ಟಿದ್ದ ಹಳೆಯ ಚಕ್ರಗಳನ್ನು ಹೊರಗೆ ಉರುಳಿಸಿದ. ಒಂದೊಂದನ್ನೂ ಹಾಕುವ ಮುನ್ನ ಪಕ್ಕೆಯ ಸಂಖ್ಯೆಯನ್ನು ಬಾಗಿಲ ಚೀಟಿಯೊಂದಿಗೆ ತಾಳೆ ನೋಡುವ ಕೆಲಸವನ್ನು, ನಾನು ಹೇಳದೆಯೇ, ಅವನ ಹನ್ನೊಂದು ವರ್ಷದ ಮಗಳು ವಹಿಸಿಕೊಂಡಳು.