ನೆಗ್ಗು ತೆಗೆಯುವ ಕೈ, ಬಣ್ಣ ಕೂಡಿಸುವ ಕಣ್ಣು

ಕಬ್ಬು ನುರಿಸುವ ಹಂಗಾಮು ಶುರುವಾದರೆ ವಿಜಯಪುರ ಜಿಲ್ಲೆಯ ರಸ್ತೆಗಳ ನಡತೆಯೇ ಬದಲಾಗುತ್ತದೆ. ಇಂಡಿ ತಾಲ್ಲೂಕಿನ ಮರಗೂರಿನ ಕಡೆಗೋ ಮುದ್ದೇಬಿಹಾಳ ತಾಲ್ಲೂಕಿನ ಯರಗಲ್ಲಿನ ಕಡೆಗೋ ಒಂದೊಂದು ಟ್ರ್ಯಾಕ್ಟರು ಎರಡೆರಡು ಟ್ರೇಲರು ಎಳೆದುಕೊಂಡು ಹೊರಡುತ್ತದೆ. ಟ್ರೇಲರಿನ ಹಿಂದೆ ಕೆಂಪು ದೀಪ ಕಂಡರೆ ಅದು ನಿಮ್ಮ ಅದೃಷ್ಟ; ಕಬ್ಬಿನ ಸೋಗೆ ಮಾತ್ರ ರಸ್ತೆಗೆ ಚಾಚಿಕೊಂಡಿರುತ್ತದೆ. ಇತ್ತ ಸೊಲ್ಲಾಪುರದಿಂದ ಝಳಕಿ, ಹೊರ್ತಿ ಮೇಲೆ ಬರುವ ರಾಷ್ಟ್ರೀಯ ಹೆದ್ದಾರಿ 52. ಅತ್ತ ಕಲಬುರಗಿಯಿಂದ ಸಿಂದಗಿ ದಾಟಿ, ವಿಜಯಪುರ ಮುಟ್ಟಿ, ಬಸವನ ಬಾಗೇವಾಡಿ ಸೀಮೆ ಹಾಯ್ದು ಹೊಸಪೇಟೆಗೆ ಇಳಿಯುವ ಹೆದ್ದಾರಿ 50. ರಸ್ತೆ ನುಣುಪಾಯಿತು, ವೇಗ ಬಂತು, ವೇಗದ ಬೆನ್ನಿಗೆ ಬಡಿತವೂ ಬಂತು. ಒಳಗಿದ್ದವರು ಪಾರಾದರೆ ಪುಣ್ಯ. ಪಾರಾದವರ ಗಾಡಿ ಮರುದಿನ ಊರ ಹೊರಗಿನ ಗ್ಯಾರೇಜ್ ಲೈನಿಗೆ ಬಂದು ನಿಲ್ಲುತ್ತದೆ, ‘ಡೆಂಟಿಂಗ್–ಪೇಂಟಿಂಗ್’ ಎಂಬ ಬೋರ್ಡಿನ ಮುಂದೆ.

ಎಂಜಿನ್ ಬಿಚ್ಚುವವನಿಗೆ ಮೆಕ್ಯಾನಿಕ್ ಎಂಬ ಹೆಸರಿದೆ, ಅದಕ್ಕೊಂದು ಮಾನವೂ ಇದೆ. ಡೆಂಟರ್ ಎಂದರೆ ಸುತ್ತಿಗೆ ಬಡಿಯುವವನು ಎಂದಷ್ಟೇ ಜನರ ತಿಳಿವಳಿಕೆ. ಎಸ್ಸೆಸ್ಸೆಲ್ಸಿ ಮುಗಿಸಿದ ಮಗನಿಗೆ ಪೊಲೀಸ್ ಆಗು, ಪಿಡಿಒ ಆಗು ಎನ್ನುವ ಅಪ್ಪಂದಿರಲ್ಲಿ ಡೆಂಟರ್ ಆಗು ಎಂದವರನ್ನು ನಾನು ಕಂಡಿಲ್ಲ. ಹಾಗಿದ್ದೂ ಕೆಎ–28 ನಂಬರಿನ ಗಾಡಿಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ, ನೆಗ್ಗಿ ಬರುವ ಗಾಡಿಗೆ ಬರವಿಲ್ಲ. ಕಾಲೇಜು ಓದಿದವರು ಕೆಲಸ ಹುಡುಕಿಕೊಂಡು ಹೋಗುವ ಊರಲ್ಲಿ, ಕೆಲಸವೇ ಹುಡುಕಿಕೊಂಡು ಬರುವ ಕೆಲವೇ ಕಸುಬುಗಳಲ್ಲಿ ಇದೂ ಒಂದು.

ಕಾರಿನ ಹೊರಮೈ ತಗಡಿನ ದಪ್ಪ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ, ಸಾಮಾನ್ಯವಾಗಿ 0.7, 0.8 ಮಿಲಿಮೀಟರ್. ಮುಂದಿನ ಫೆಂಡರಿಗೆ ಟ್ರೇಲರಿನ ಮೂಲೆ ತಾಗಿದೆ ಎಂದುಕೊಳ್ಳಿ. ಹೊಸ ಹುಡುಗನಾದರೆ ತಗ್ಗಿನ ನಟ್ಟನಡುವೆ ಒಳಗಿನಿಂದ ಒಂದು ಏಟು ಹಾಕಿಬಿಡುತ್ತಾನೆ. ನುರಿತವನು ಮೊದಲು ಅಂಗೈ ಆಡಿಸುತ್ತಾನೆ. ಕಣ್ಣಿಗೆ ಕಾಣದ ಏರುತಗ್ಗು ಅಂಗೈಗೆ ಸಿಗುತ್ತದೆ; ಕೈಗೂ ತಗಡಿಗೂ ನಡುವೆ ತೆಳು ಬಟ್ಟೆ ಇಟ್ಟುಕೊಂಡರೆ ಇನ್ನೂ ಚೆನ್ನಾಗಿ ಸಿಗುತ್ತದೆ. ಬಡಿತ ಯಾವ ದಿಕ್ಕಿನಿಂದ ಬಂತು, ಮೊದಲು ಮಡಚಿದ್ದು ಯಾವುದು, ಕೊನೆಗೆ ಮಡಚಿದ್ದು ಯಾವುದು ಎಂದು ಓದಿಕೊಳ್ಳುತ್ತಾನೆ. ಕೊನೆಗೆ ಮಡಚಿದ್ದನ್ನು ಮೊದಲು ಬಿಡಿಸಬೇಕು. ತಗ್ಗಿನ ಸುತ್ತ ಎದ್ದ ದಿಂಡೇ ತಗ್ಗನ್ನು ಹಿಡಿದಿಟ್ಟಿರುತ್ತದೆ. ಹಾಗಾಗಿ ಒಳಗೆ ಡಾಲಿ ಎಂಬ ಕಬ್ಬಿಣದ ಗಟ್ಟಿಯನ್ನು ತಗ್ಗಿಗೆ ಒತ್ತಿಹಿಡಿದು, ಹೊರಗೆ ಸುತ್ತಿಗೆಯಿಂದ ದಿಂಡಿನ ಮೇಲೆ ಮೆಲ್ಲಗೆ ತಟ್ಟುತ್ತ ಬರುತ್ತಾನೆ. ದಿಂಡು ಇಳಿದಂತೆ ತಗ್ಗು ತಾನಾಗಿ ಏಳುತ್ತದೆ. ಡಾಲಿಯ ನೇರಕ್ಕೇ ಸುತ್ತಿಗೆ ಬೀಳಬೇಕಾದದ್ದು ಕೊನೆಯ ಹಂತದಲ್ಲಿ, ನುಣುಪು ತರಲು ಮಾತ್ರ.

ನೇರಕ್ಕೆ ಹೆಚ್ಚು ಬಡಿದರೆ ಏನಾಗುತ್ತದೆ ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬಡಿದಷ್ಟೂ ಜೋಳದ ರೊಟ್ಟಿ ಹೇಗೆ ತೆಳ್ಳಗಾಗಿ ಹರಡುತ್ತದೋ ಹಾಗೆ ತಗಡೂ ಹರಡುತ್ತದೆ. ಹರಡಿದ ತಗಡಿಗೆ ಫೆಂಡರಿನಲ್ಲಿ ಜಾಗ ಸಾಲದು, ಬೆರಳಿಟ್ಟರೆ ಡಬ್ ಎಂದು ಒಳಗೆ, ಬಿಟ್ಟರೆ ಡಬ್ ಎಂದು ಹೊರಗೆ. ಆಗ ನಾಣ್ಯದಗಲದ ಜಾಗವನ್ನು ಕೆಂಪಗೆ ಕಾಯಿಸಿ, ಒದ್ದೆ ಬಟ್ಟೆ ಒತ್ತಿ ಕುಗ್ಗಿಸಬೇಕು. ಎಷ್ಟು ಕಾಯಿಸಬೇಕು, ಯಾವಾಗ ಒತ್ತಬೇಕು ಎನ್ನುವುದನ್ನು ಉಸ್ತಾದನ ಪಕ್ಕ ನಿಂತು ನೋಡಿಯೇ ಕಲಿಯಬೇಕು. ಈ ಒಂದು ವಿಷಯದಲ್ಲಿ ಇಂಡಿ ರಸ್ತೆಯ ಶೆಡ್ಡು ಯಾವ ತರಬೇತಿ ಕೇಂದ್ರಕ್ಕೂ ಕಡಿಮೆಯಿಲ್ಲ.

ಶೆಡ್ಡಿನ ವಿದ್ಯೆ ಸೋಲುವುದು ಇನ್ನೊಂದು ಕಡೆ. ಹಳೆಯ ಜೀಪು, ಅಂಬಾಸಡರಿನ ಕಾಲದ ಉಕ್ಕು ಇಂದಿನ ಕಾರಿನಲ್ಲಿಲ್ಲ. ಈಗಿನ ಕಾರಿಗೆ ಬೇರೆ ಚಾಸಿ ಎಂಬುದೇ ಇಲ್ಲ, ಇಡೀ ಮೈಯೇ ಚಾಸಿ. ಮುಂಭಾಗ ಬೇಕೆಂದೇ ಮುದುಡುವಂತೆ, ಕೂರುವ ಕೋಣೆ ಮುದುಡದಂತೆ ಮಾಡಿರುತ್ತಾರೆ. ಎರಡು ಬಾಗಿಲ ನಡುವಿನ ಕಂಬಕ್ಕೆ ಹಲವು ಮಾದರಿಗಳಲ್ಲಿ ಬೋರಾನ್ ಬೆರೆತ ಅತಿಗಡಸು ಉಕ್ಕು ಹಾಕುತ್ತಾರೆ. ಅದನ್ನು ಗ್ಯಾಸ್ ಕಟರಿನಿಂದ ಕಾಯಿಸಿ ನೇರ ಮಾಡಿದರೆ ನೋಡಲು ನೆಟ್ಟಗಾಗುತ್ತದೆ, ಕಸುವು ಹೋಗುತ್ತದೆ. ಮುಂದಿನ ಬಡಿತದಲ್ಲಿ ಅದು ಯಾರನ್ನೂ ಕಾಯುವುದಿಲ್ಲ. ಅಂಥ ಕಂಬವನ್ನು ತಿದ್ದಬಾರದು, ಕಂಪನಿ ಹೇಳಿದ ಕಡೆ ಕತ್ತರಿಸಿ ಹೊಸದನ್ನು ಕೂರಿಸಬೇಕು. ಮೈ ಸೊಟ್ಟಗಾಗಿದ್ದರೆ ಎಳೆಯುವ ಬೆಂಚಿನ ಮೇಲೆ ಕಟ್ಟಿ, ಅಳತೆಯ ಚಾರ್ಟು ಮುಂದಿಟ್ಟುಕೊಂಡು ಮಿಲಿಮೀಟರ್ ಲೆಕ್ಕದಲ್ಲಿ ಸರಿಮಾಡಬೇಕು. ಮರಕ್ಕೆ ಸರಪಳಿ ಬಿಗಿದು ಟ್ರ್ಯಾಕ್ಟರಿನಿಂದ ಜಗ್ಗುವ ನಮ್ಮ ಪದ್ಧತಿಗೆ ಇಲ್ಲಿ ಜಾಗವಿಲ್ಲ. ಎಷ್ಟೇ ಕೈಚಳಕವಿದ್ದರೂ ಉಸ್ತಾದನಿಗೆ ಈ ಉಕ್ಕಿನ ಗುಣ ಯಾರೂ ಹೇಳಿಕೊಟ್ಟಿಲ್ಲ. ಅದು ಅವನ ತಪ್ಪಲ್ಲ.

ಬಣ್ಣದ ಮಾತು ಇನ್ನೂ ದೊಡ್ಡದು. ತಗಡು ಸಮವಾದ ಮೇಲೂ ಉಳಿಯುವ ಸಣ್ಣ ಕುಳಿಗಳಿಗೆ ಪುಟ್ಟಿ. ನೂರು ಭಾಗಕ್ಕೆ ಸುಮಾರು ಎರಡು ಭಾಗ ಹಾರ್ಡನರ್ ಕಲಸಿ ಎಳೆಯಬೇಕು. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ಪಟ್ಟಿ ಎತ್ತುವಷ್ಟರಲ್ಲೇ ಅದು ಕಲ್ಲಾಗುತ್ತದೆ. ಪುಟ್ಟಿ ಎರಡು ಮೂರು ಮಿಲಿಮೀಟರ್ ಮೀರಬಾರದು. ಕೆಲಸ ಬೇಗ ಮುಗಿಸಲು ಬೆರಳು ದಪ್ಪ ಪುಟ್ಟಿ ತುಂಬುವವರಿದ್ದಾರೆ, ಅದು ಒಂದೆರಡು ವರ್ಷದಲ್ಲಿ ಬಿರಿದು ಬೀಳುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಬಟ್ಟೆ ಸುತ್ತಿದ ಆಯಸ್ಕಾಂತ ಹಿಡಿದು ನೋಡುವುದು ಇದಕ್ಕೇ. ಆಮೇಲೆ 80ರ ಉರಟು ಕಾಗದದಿಂದ ಹಿಡಿದು ಹಂತಹಂತವಾಗಿ 800ರ ನಯ ಕಾಗದದವರೆಗೆ ತಿಕ್ಕಾಟ, ನಡುವೆ ಪ್ರೈಮರ್, ಮೇಲೆ ಬಣ್ಣ, ಅದರ ಮೇಲೆ ಹೊಳಪಿನ ಕ್ಲಿಯರ್ ಕೋಟ್. ಕಾರ್ಖಾನೆಯಿಂದ ಬಂದ ಕಾರಿನ ಮೇಲೆ ಈ ಎಲ್ಲ ಪದರ ಸೇರಿದರೂ ದಪ್ಪ ಸುಮಾರು 100ರಿಂದ 150 ಮೈಕ್ರಾನ್. ಅಂದರೆ ಒಂದು ಮಿಲಿಮೀಟರಿನ ಏಳನೆಯ ಒಂದು ಪಾಲು ದಾಟುವುದು ಅಪರೂಪ.

ಬಿಳಿ ಬಣ್ಣವಾದರೆ ಹೇಗೋ ನಡೆಯುತ್ತದೆ. ಪೇಂಟರಿನ ಬಂಡವಾಳ ಬಯಲಾಗುವುದು ಬೆಳ್ಳಿ ಬಣ್ಣದಲ್ಲಿ. ಅದರೊಳಗೆ ಅಲ್ಯೂಮಿನಿಯಂ ಹುಡಿ ಇರುತ್ತದೆ. ಗನ್ ಹತ್ತಿರ ಹಿಡಿದು ಒದ್ದೆಯಾಗಿ ಹೊಡೆದರೆ ಹುಡಿ ಕೆಳಗಿಳಿದು ಬಣ್ಣ ಕಪ್ಪಿಡುತ್ತದೆ, ದೂರ ಹಿಡಿದು ಒಣದಾಗಿ ಹೊಡೆದರೆ ಬೆಳ್ಳಗಾಗುತ್ತದೆ. ಡಬ್ಬಿ ಒಂದೇ, ಕೈ ಬೇರೆ, ಬಣ್ಣ ಬೇರೆ. ಗನ್ನನ್ನು ಒಂದು ಗೇಣಿನಷ್ಟು ದೂರದಲ್ಲಿ ನೇರವಾಗಿ ಹಿಡಿದು, ಹಿಂದಿನ ಸಾಲಿನ ಅರ್ಧದ ಮೇಲೆ ಮುಂದಿನ ಸಾಲು ಬೀಳುವಂತೆ ಒಂದೇ ವೇಗದಲ್ಲಿ ಎಳೆಯಬೇಕು, ಮಣಿಕಟ್ಟು ತಿರುಗಬಾರದು. ಟ್ಯೂಬ್‌ಲೈಟಿನ ಕೆಳಗೆ ಕೂಡಿದ ಬಣ್ಣ ಬಿಸಿಲಿಗೆ ಬಂದಾಗ ಬೇರೆ ಕಾಣುವುದುಂಟು. ಅದಕ್ಕೇ ಜಾಣ ಪೇಂಟರು ಬಾಗಿಲಿಗೆ ಬಣ್ಣ ಹೊಡೆಯುವಾಗ ಪಕ್ಕದ ಫೆಂಡರಿಗೂ ಸ್ವಲ್ಪ ಹಾಯಿಸಿ, ಕಣ್ಣಿಗೆ ಗೆರೆ ಸಿಗದಂತೆ ಮಾಡುತ್ತಾನೆ. ಬಯಲುಸೀಮೆಯ ಗಾಳಿಯೂ ಎರೆಮಣ್ಣಿನ ದೂಳೂ ಸೇರಿದಾಗ ತೆರೆದ ಶೆಡ್ಡಿನಲ್ಲಿ ಈ ಕೆಲಸ ಮಾಡುವುದು ಎಂಥ ಕಷ್ಟ ಎಂದು ಯಾರಾದರೂ ಊಹಿಸಬಹುದು. ನೆಲಕ್ಕೆ ನೀರು ಹೊಡೆದು, ನಸುಕಿನಲ್ಲೇ ಬಣ್ಣ ಮುಗಿಸುವುದು ಅದಕ್ಕೆ ಕಂಡುಕೊಂಡ ಉಪಾಯ. ಪೇಂಟ್ ಬೂತ್ ಇರುವ ಕಡೆ ಸೋಸಿದ ಗಾಳಿಯಲ್ಲಿ ಬಣ್ಣ ಹೊಡೆದು, ಸುಮಾರು 60 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸುತ್ತಾರೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿಯೇ ಹೇಳಬೇಕು. ಇಂದಿನ ಎರಡು ಡಬ್ಬಿಯ ಬಣ್ಣ ಮತ್ತು ಕ್ಲಿಯರ್ ಕೋಟಿನ ಹಾರ್ಡನರಿನಲ್ಲಿ ಐಸೊಸೈನೇಟ್ ಎಂಬ ರಾಸಾಯನಿಕವಿದೆ. ಅದರ ತುಂತುರು ಉಸಿರಿಗೆ ಹೋದರೆ ಉಬ್ಬಸ ಹತ್ತುತ್ತದೆ. ಒಮ್ಮೆ ಮೈಗೆ ಒಗ್ಗದಾದರೆ ಆಮೇಲೆ ಚೂರೇ ಚೂರು ತಾಗಿದರೂ ಸಾಕು, ಕಸುಬೇ ಬಿಡಬೇಕಾಗುತ್ತದೆ. ಮೂಗಿಗೆ ಕಟ್ಟಿದ ಕರವಸ್ತ್ರ ಇದನ್ನು ತಡೆಯುವುದಿಲ್ಲ. ದೂಳಿನ ಮಾಸ್ಕೂ ತಡೆಯುವುದಿಲ್ಲ. ಬೇಕಾದದ್ದು ಹೊರಗಿನಿಂದ ಶುದ್ಧ ಗಾಳಿ ಒದಗಿಸುವ ಮುಖವಾಡ, ತೀರಾ ಕನಿಷ್ಠವೆಂದರೆ ಇದ್ದಿಲ ಕಾರ್ಟ್ರಿಜ್ ಇರುವ ಮಾಸ್ಕ್, ಜೊತೆಗೆ ಕೈಗವಸು ಮತ್ತು ಕನ್ನಡಕ. ತಾಲ್ಲೂಕು ಊರುಗಳ ಶೆಡ್ಡುಗಳಲ್ಲಿ ಇವು ಕಣ್ಣಿಗೆ ಬೀಳುವುದು ಕಡಿಮೆ. ಇನ್ನು ಶಾಲೆ ಬಿಟ್ಟ ಹತ್ತು ಹನ್ನೆರಡರ ಹುಡುಗರನ್ನು ತಿಕ್ಕುವ ಕೆಲಸಕ್ಕೆ ಹಚ್ಚುವ ಹಳೆಯ ರೂಢಿಯಂತೂ ಅಪರಾಧ. 14 ವರ್ಷದೊಳಗಿನವರಿಗೆ ಗ್ಯಾರೇಜ್ ಕೆಲಸವನ್ನು ಕಾನೂನು ನಿಷೇಧಿಸಿದೆ.

ಹಾಗಾದರೆ ಕ್ರಮವಾಗಿ ಕಲಿಯುವುದು ಎಲ್ಲಿ? ಕೇಂದ್ರ ಸರ್ಕಾರದ ಕುಶಲಕರ್ಮಿ ತರಬೇತಿ ಯೋಜನೆ 1950ರಷ್ಟು ಹಳೆಯದು, ಐಟಿಐಗಳು ನಡೆಯುವುದು ಅದರಡಿಯಲ್ಲೇ. ನಮ್ಮ ಕಡೆ ಐಟಿಐ ಎಂದೊಡನೆ ಫಿಟ್ಟರ್, ಎಲೆಕ್ಟ್ರಿಷಿಯನ್ ನೆನಪಾಗುತ್ತವೆ. ಅದೇ ಪಟ್ಟಿಯಲ್ಲಿ ‘ಮೆಕ್ಯಾನಿಕ್ ಆಟೋ ಬಾಡಿ ರಿಪೇರಿ’, ‘ಮೆಕ್ಯಾನಿಕ್ ಆಟೋ ಬಾಡಿ ಪೇಂಟಿಂಗ್’ ಎಂಬ ಎರಡು ಟ್ರೇಡ್‌ಗಳಿವೆ, ತಲಾ ಒಂದು ವರ್ಷದವು. ಕೊನೆಗೆ ಸಿಗುವ ರಾಷ್ಟ್ರೀಯ ಟ್ರೇಡ್ ಸರ್ಟಿಫಿಕೇಟಿಗೆ ದೇಶದ ಯಾವ ಮೂಲೆಯಲ್ಲೂ ಬೆಲೆಯಿದೆ. ಆದರೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಹತ್ತಿರದ ಐಟಿಐಯಲ್ಲಿ ತರಗತಿ ಇರಬೇಕೆಂದಿಲ್ಲ. ರಾಜ್ಯ ಸರ್ಕಾರ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೆ ಏರಿಸಿದಾಗ ರೋಬೋಟು, ಸಿಎನ್‌ಸಿ, ಎಲೆಕ್ಟ್ರಿಕ್ ವಾಹನಗಳು ಬಂದವು, ಬಹಳ ಒಳ್ಳೆಯದು. ತಾಲ್ಲೂಕಿನಲ್ಲಿ ಪ್ರತಿದಿನ ನೆಗ್ಗಿ ಬರುವ ಗಾಡಿಗಳ ಕಡೆಗೂ ಯಾರಾದರೂ ಕಣ್ಣು ಹಾಯಿಸಬೇಕಿತ್ತು ಎಂದು ನನಗನಿಸುತ್ತದೆ.

ರಾಜ್ಯದೊಳಗೇ ಇರುವ ಅತ್ಯುತ್ತಮ ಮಾದರಿ ಬಿಡದಿಯದು. ಟೊಯೋಟಾ ಕಿರ್ಲೋಸ್ಕರ್ ಮೋಟರ್ 2007ರಲ್ಲಿ ತೆರೆದ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆ ಹತ್ತನೆಯ ತರಗತಿ ಮುಗಿಸಿದ ಗ್ರಾಮೀಣ ಮಕ್ಕಳನ್ನು ಪರೀಕ್ಷೆಯ ಮೂಲಕ ಆರಿಸಿ, ಮೂರು ವರ್ಷ ಅಲ್ಲೇ ಇಟ್ಟುಕೊಂಡು ಕಲಿಸುತ್ತದೆ. ಅಲ್ಲಿನ ವಿಭಾಗಗಳಲ್ಲಿ ಆಟೋಮೊಬೈಲ್ ವೆಲ್ಡ್ ಮತ್ತು ಆಟೋಮೊಬೈಲ್ ಪೇಂಟ್ ಕೂಡ ಸೇರಿವೆ. ಕಾರ್ಖಾನೆಗೆ ಬೇಕಾದ ಕೆಲಸಗಾರರನ್ನು ತಯಾರಿಸುವುದು ಅದರ ಗುರಿ, ಅಪಘಾತದ ಗಾಡಿ ತಿದ್ದುವುದಲ್ಲ. ಆದರೂ ಗನ್ ಹಿಡಿಯುವ ಶಿಸ್ತು, ಪದರಗಳ ಲೆಕ್ಕ, ಸುರಕ್ಷತೆಯ ಪಾಠ ಎರಡಕ್ಕೂ ಒಂದೇ. ಜಗತ್ತಿನ ಮಟ್ಟದಲ್ಲಿ ಈ ಕಸುಬಿಗೆ ಪಂದ್ಯವೇ ಇದೆ: ವರ್ಲ್ಡ್ ಸ್ಕಿಲ್ಸ್ ಸ್ಪರ್ಧೆಯಲ್ಲಿ ಆಟೋಬಾಡಿ ರಿಪೇರಿ ಒಂದು ವಿಭಾಗ, ಕಾರ್ ಪೇಂಟಿಂಗ್ ಇನ್ನೊಂದು. 2024ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ದೇಶದೇಶದ ಹುಡುಗ ಹುಡುಗಿಯರು ಅಳತೆಪಟ್ಟಿ ಮುಂದಿಟ್ಟುಕೊಂಡು ಪೈಪೋಟಿ ನಡೆಸಿದ್ದರು.

ಆಗಲೇ ಇಪ್ಪತ್ತು ವರ್ಷ ಸುತ್ತಿಗೆ ಹಿಡಿದ ಉಸ್ತಾದ ಮತ್ತೆ ತರಗತಿಗೆ ಹೋಗಿ ಕೂರಲಾರ. ಅಂಥವರಿಗಾಗಿಯೇ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಹಿಂದಿನ ಅನುಭವವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ದಾರಿಯೊಂದನ್ನು ಮಾಡಿದ್ದರು. 2023ರ ಸೆಪ್ಟೆಂಬರಿನಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರನಿದ್ದಾನೆ, ಬೀಗ ರಿಪೇರಿಯವನಿದ್ದಾನೆ, ದೋಣಿ ಕಟ್ಟುವವನೂ ಇದ್ದಾನೆ, ಡೆಂಟರನಿಲ್ಲ. ವಿಜಯಪುರದ ರುಡ್‌ಸೆಟ್ ಸಂಸ್ಥೆ ಸ್ವಂತ ಉದ್ಯೋಗ ಹೂಡುವವರಿಗೆ ಊಟ ವಸತಿ ಕೊಟ್ಟು ಉಚಿತವಾಗಿ ಕಲಿಸುತ್ತದೆ. ಅಂಗಡಿ ಲೆಕ್ಕ, ಬ್ಯಾಂಕ್ ಸಾಲದ ದಾರಿ ತಿಳಿಯಲು ಅದು ಒಳ್ಳೆಯ ಜಾಗ.

ಲೆಕ್ಕದ ಮಾತು ಬಂತು. ಇವತ್ತು ಬಾಡಿ ಕೆಲಸದಲ್ಲಿ ದುಡ್ಡು ಬರುವುದು ವಿಮೆಯ ಕಡೆಯಿಂದ, ಅಲ್ಲಿ ಸುತ್ತಿಗೆಗಿಂತ ಪೆನ್ನು ಹೆಚ್ಚು ಕೆಲಸ ಮಾಡುತ್ತದೆ. ಸರ್ವೇಯರ್ ಬರುವ ಮೊದಲು ಬಿಡಿಭಾಗ ಬಿಚ್ಚಬಾರದು. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ಕು, ರಬ್ಬರಿಗೆ ಅರ್ಧ ಸವಕಳಿ ಕಳೆಯುತ್ತಾರೆ, ಗಾಜಿಗೆ ಕಳೆಯುವುದಿಲ್ಲ, ತಗಡಿನ ಭಾಗಕ್ಕೆ ಗಾಡಿಯ ವಯಸ್ಸು ನೋಡಿ ಕಳೆಯುತ್ತಾರೆ. ಬಣ್ಣದ ಸಾಮಗ್ರಿಗೂ ಅರ್ಧ ಕಡಿತ. ಕೂಲಿ, ಸಾಮಗ್ರಿ ಬೇರೆ ಮಾಡದೆ ಒಂದೇ ಬಿಲ್ ಕೊಟ್ಟರೆ ನಾಲ್ಕನೆಯ ಒಂದು ಪಾಲನ್ನು ಸಾಮಗ್ರಿ ಎಂದು ಹಿಡಿದು ಅದರಲ್ಲಿ ಅರ್ಧ ಕತ್ತರಿಸುತ್ತಾರೆ. ಈ ಬಿಲ್ಲು ಬರೆಯಲು ಬಾರದ ಕಾರಣಕ್ಕೇ ಕೈಯಲ್ಲಿ ಚಿನ್ನದಂಥ ವಿದ್ಯೆ ಇರುವ ಎಷ್ಟೋ ಮೇಸ್ತ್ರಿಗಳಿಗೆ ಹೊಸ ಕಾರು ಸಿಗದೆ, ಪಾಲಿಸಿ ಮುಗಿದ ಹಳೆಯ ಗಾಡಿಗಳೇ ಗತಿಯಾಗಿವೆ.

ಎಲೆಕ್ಟ್ರಿಕ್ ಗಾಡಿ ಬಂದರೆ ಮೆಕ್ಯಾನಿಕ್ಕಿನ ಎಂಜಿನ್ ಆಯಿಲ್ ಕೆಲಸ ಹೋಗುತ್ತದೆ, ಡೆಂಟರಿನದು ಹೋಗುವುದಿಲ್ಲ. ಬ್ಯಾಟರಿ ಇದ್ದರೂ ತಗಡು ನೆಗ್ಗುತ್ತದೆ. ಕಿತ್ತಳೆ ಬಣ್ಣದ ವೈರಿನ ಹತ್ತಿರ ಹೋಗುವ ಮೊದಲು ಹೈ ವೋಲ್ಟೇಜ್ ಕಡಿತ ಮಾಡುವುದನ್ನು, ಬೂತಿನ ಶಾಖಕ್ಕೆ ಬ್ಯಾಟರಿ ಎಷ್ಟು ತಾಳುತ್ತದೆ ಎಂದು ಕಂಪನಿಯ ಪುಸ್ತಕ ನೋಡುವುದನ್ನು ಕಲಿಯಬೇಕು. ಬಂಪರಿನ ಹಿಂದೆ ರಡಾರ್ ಇರುವ ಗಾಡಿಗಳಲ್ಲಿ ದಪ್ಪ ಪುಟ್ಟಿ ಹಾಕಿದರೆ ರಡಾರಿಗೆ ದಾರಿ ಕಾಣದು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಹುಡುಗ ಹುಡುಗಿಯರಿಗೆ ಆಸಕ್ತಿಯಿದ್ದರೆ, ಐಟಿಐ ಪ್ರವೇಶದ ಹೊತ್ತಿಗೆ ಆಯ್ಕೆಪಟ್ಟಿಯಲ್ಲಿ ಮೇಲೆ ಹೇಳಿದ ಎರಡು ಟ್ರೇಡ್‌ಗಳನ್ನು ಮೊದಲು ಹುಡುಕಬೇಕು. ಹತ್ತಿರದಲ್ಲಿ ಸಿಗದಿದ್ದರೆ ವೆಲ್ಡರ್ ಅಥವಾ ಶೀಟ್ ಮೆಟಲ್ ವರ್ಕರ್ ಹಿಡಿಯಬಹುದು; ಅವೂ ಒಂದೇ ವರ್ಷದವು, ಎಂಟನೆಯ ತರಗತಿ ಪಾಸಾಗಿದ್ದರೆ ಸಾಕು. ಅದಾದ ಮೇಲೆ 1961ರ ಅಪ್ರೆಂಟಿಸ್ ಕಾಯ್ದೆಯಡಿ ಸ್ಟೈಪೆಂಡ್ ಪಡೆಯುತ್ತ ಕಾರು ಕಂಪನಿಯ ಅಧಿಕೃತ ಬಾಡಿ ಶಾಪಿನಲ್ಲೋ ಸಾರಿಗೆ ನಿಗಮದ ಕಾರ್ಯಾಗಾರದಲ್ಲೋ ಕೈ ಪಳಗಿಸಬಹುದು. ಕಲ್ಯಾಣ ಕರ್ನಾಟಕ ಸಾರಿಗೆಯ ಘಟಕಗಳು ಈ ನಾಲ್ಕೂ ಊರುಗಳಲ್ಲಿ ಇವೆ. ಅಪ್ರೆಂಟಿಸ್ ನೇಮಕದ ಪ್ರಕಟಣೆ ಹೊರಡುವುದು ವಿಭಾಗ ಕಚೇರಿಯಿಂದ, ಅರ್ಜಿಗೆ ಐಟಿಐ ಅಂಕಪಟ್ಟಿ ಲಗತ್ತಿಸಬೇಕು.